ಹಳೇ ಜೀಪಿಗೆ ಎಲ್‌ಇಡಿ ದೀಪ: ಮೊದಲು ವಯರು ನೋಡಿ

ನಮ್ಮ ಶಿರಸಿ, ಸಿದ್ದಾಪುರ, ಯಲ್ಲಾಪುರ ಕಡೆ ಜೀಪು ಅಂದರೆ ಶೋಕಿಗೆ ಇಟ್ಟುಕೊಳ್ಳುವ ಗಾಡಿ ಅಲ್ಲ. ಗೊಬ್ಬರ, ಅಡಿಕೆ ಚೀಲ, ಬನವಾಸಿ ಕಡೆಯ ಅನಾನಸು, ಶುಂಠಿ, ಶಾಲೆ ಮಕ್ಕಳು, ಆಸ್ಪತ್ರೆಗೆ ಹೊರಟ ಬಾಣಂತಿ ಎಲ್ಲರನ್ನೂ ಎಲ್ಲವನ್ನೂ ಹೊತ್ತದ್ದು ಅದೇ. ಬಸ್ಸು ಬಾರದ ಊರಿಗೆ ಬಂದದ್ದೂ ಅದೇ. ಮಹೀಂದ್ರಾದ ಕಮಾಂಡರ್, ಮೇಜರ್, ಎಂ.ಎಂ. 540 ಈಗ ತಯಾರಾಗುವುದಿಲ್ಲ. ಆದರೆ ನಮ್ಮ ಕೊಟ್ಟಿಗೆ ಪಕ್ಕದ ಮಾಡಿನಡಿ ನಿಂತವು ಇನ್ನೂ ಓಡುತ್ತವೆ.

ಈ ಹಳೇ ಜೀಪಿನವರದ್ದೆಲ್ಲ ಒಂದೇ ದೂರು. ‘ರಾತ್ರಿ ಲೈಟು ಸಾಕಾಗೂದಿಲ್ಲ ಮಾರಾಯ್ರೇ.’ ದೂರು ಸುಳ್ಳಲ್ಲ. ಮಿಣಿಮಿಣಿ ಉರಿಯುವ ಹಳದಿ ಬೆಳಕಿನಲ್ಲಿ ಮಳೆಗಾಲದ ರಸ್ತೆ ಕಾಣುವುದು ಕಷ್ಟ. ಅದಕ್ಕೆ ಈಗ ಎಲ್ಲರೂ ಕಂಡುಕೊಂಡ ಮದ್ದು ಒಂದೇ. ಪೇಟೆಗೆ ಹೋಗಿ ಒಂದು ಜೊತೆ ಎಲ್‌ಇಡಿ ಬಲ್ಬು ತರುವುದು, ಹಳೇ ಬಲ್ಬು ಕಿತ್ತು ಅದನ್ನು ತುರುಕುವುದು. ಹತ್ತು ನಿಮಿಷದ ಕೆಲಸ. ಮುಂದೆ ಹಾಲು ಚೆಲ್ಲಿದ ಹಾಗೆ ಬೆಳಕು. ಹಾಕಿಸಿಕೊಂಡವನಿಗೆ ಖುಷಿ.

ಎದುರು ಬಂದವನನ್ನು ಕೇಳಿದವರು ಯಾರು?

ಎಲ್‌ಇಡಿಯೇ ಬೇಡ ಅಂತ ಹೇಳಲು ನಾನು ಇದನ್ನು ಬರೆಯುತ್ತಿಲ್ಲ. ನನ್ನ ಅಭಿಪ್ರಾಯ ಇಷ್ಟೆ. ಹಳೇ ಜೀಪಿನ ದೀಪದ ಕಾಯಿಲೆ ನೂರಕ್ಕೆ ಎಂಬತ್ತು ಪಾಲು ಬಲ್ಬಿನಲ್ಲಿ ಇರುವುದಿಲ್ಲ. ವಯರು, ಅರ್ತು, ರಿಫ್ಲೆಕ್ಟರ್, ಫೋಕಸ್ಸು ಇವುಗಳಲ್ಲಿ ಇರುತ್ತದೆ. ಅದನ್ನು ಬಿಟ್ಟು ಬಲ್ಬು ಬದಲಿಸಿದರೆ ನಮ್ಮ ಕಾಯಿಲೆಯನ್ನು ಎದುರಿನವನ ಕಣ್ಣಿಗೆ ದಾಟಿಸಿದ ಹಾಗೆ.

ಕರೆಂಟು ಎಲ್ಲಿ ಸೋರುತ್ತದೆ?

ಲೈನಿನ ಕೊನೆಯಲ್ಲಿ ಪಂಪ್‌ಸೆಟ್ಟು ಇರುವವರಿಗೆ ಇದನ್ನು ಹೆಚ್ಚು ಹೇಳಬೇಕಾಗಿಲ್ಲ. ಟಿ.ಸಿ. ಹತ್ತಿರ ವೋಲ್ಟೇಜು ಸರಿ ಇರುತ್ತದೆ, ನಮ್ಮ ಬಾವಿಗೆ ಬರುವಾಗ ಮೋಟಾರು ಗುಂಯ್ ಅನ್ನುತ್ತದೆ. ಜೀಪಿನಲ್ಲೂ ಹಾಗೆಯೇ. ಎಚ್4 ಹ್ಯಾಲೋಜನ್ ಬಲ್ಬು 60/55 ವ್ಯಾಟಿನದು. ಎರಡು ಬಲ್ಬು ಬ್ರೈಟಿನಲ್ಲಿ ಉರಿದರೆ 120 ವ್ಯಾಟು, 12 ವೋಲ್ಟಿಗೆ ಭಾಗಿಸಿದರೆ 10 ಆಂಪಿಯರು. ಏಳನೇ ಇಯತ್ತೆಯ ಲೆಕ್ಕ ಸಾಕು ಇದಕ್ಕೆ. ಈ ಹತ್ತು ಆಂಪಿಯರೂ ಬ್ಯಾಟರಿಯಿಂದ ಹೊರಟು, ಡ್ಯಾಶ್‌ಬೋರ್ಡಿನ ಸ್ವಿಚ್ಚಿಗೆ ಬಂದು, ಅಲ್ಲಿಂದ ಡಿಪ್ಪರಿಗೆ ಹೋಗಿ, ಆಮೇಲೆ ಮುಂದಿನ ದೀಪಕ್ಕೆ ಹೋಗಬೇಕು. ಹಳೇ ಮಾಡೆಲ್ಲುಗಳಲ್ಲಿ ಆ ಡಿಪ್ಪರು ಕಾಲಲ್ಲಿ ಒತ್ತುವುದು, ಕೆಸರು ನೀರು ಕುಡಿಯುತ್ತಲೇ ಇರುತ್ತದೆ. ಇಪ್ಪತ್ತು ಮೂವತ್ತು ಮಳೆಗಾಲ ಕಂಡ ಸಪೂರ ವಯರು, ಕಿಲುಬು ಹಿಡಿದ ತುದಿ. ಬೆಳಕಿಗೆ ಹೋಗಬೇಕಾದ ಕರೆಂಟು ದಾರಿಯಲ್ಲೇ ಬಿಸಿಯಾಗಿ ಹೋಗುತ್ತದೆ.

ಇನ್ನೊಂದು ವಿಷಯ ಬಹಳ ಜನರಿಗೆ ಗೊತ್ತಿಲ್ಲ. ಹ್ಯಾಲೋಜನ್ ಬಲ್ಬಿಗೆ ವೋಲ್ಟೇಜು ನೂರಕ್ಕೆ ಹತ್ತು ಕಡಿಮೆಯಾದರೆ ಬೆಳಕು ಹತ್ತು ಅಲ್ಲ, ಹೆಚ್ಚು ಕಡಿಮೆ ಮೂವತ್ತು ಪಾಲು ಕಡಿಮೆಯಾಗುತ್ತದೆ. ಬ್ಯಾಟರಿಯಲ್ಲಿ 13.5 ವೋಲ್ಟು ಇದ್ದು ಬಲ್ಬಿನ ಹತ್ತಿರ 12.1 ಸಿಕ್ಕಿದರೆ ಮೂರರಲ್ಲಿ ಒಂದು ಪಾಲು ಬೆಳಕು ಹೋಯಿತು ಅಂತಲೇ ಲೆಕ್ಕ. ಬಲ್ಬಿನದೇನೂ ತಪ್ಪಿಲ್ಲ.

ಪರೀಕ್ಷೆ ಮಾಡುವುದು ಸುಲಭ. ಇಂಜಿನು ಚಾಲೂ ಇಟ್ಟು, ದೀಪ ಹಾಕಿ, ಮಲ್ಟಿಮೀಟರಿನಲ್ಲಿ ಮೊದಲು ಬ್ಯಾಟರಿ, ಆಮೇಲೆ ಬಲ್ಬಿನ ಸಾಕೆಟ್ಟು ನೋಡಿ. ಅರ್ಧ ವೋಲ್ಟಿಗಿಂತ ಹೆಚ್ಚು ವ್ಯತ್ಯಾಸ ಬಂದರೆ ಕಳ್ಳ ನಡುವೆ ಇದ್ದಾನೆ.

ಅದಕ್ಕೆ ಮದ್ದು ರಿಲೇ. ಬ್ಯಾಟರಿಯಿಂದ ಫ್ಯೂಸಿನ ಮೂಲಕ 2.5 ಚದರ ಮಿ.ಮೀ. ತಾಮ್ರದ ವಯರು ನೇರ ದೀಪಕ್ಕೆ. ನಡುವೆ ಎರಡು ರಿಲೇ, ಡಿಮ್ಮಿಗೊಂದು, ಬ್ರೈಟಿಗೊಂದು. ಹಳೇ ಸ್ವಿಚ್ಚು ಆಗ ರಿಲೇಯನ್ನು ಎಬ್ಬಿಸುವ ಕೆಲಸ ಮಾತ್ರ ಮಾಡುತ್ತದೆ, ಭಾರ ಹೊರುವುದಿಲ್ಲ. ಒಂದೊಂದಕ್ಕೂ 15 ಆಂಪಿಯರಿನ ಫ್ಯೂಸು ಸಾಕು. ಅರ್ತಿಗೆ ತುಕ್ಕು ಹಿಡಿದ ಬಾಡಿಯನ್ನು ನಂಬಬೇಡಿ, ಬೇರೆ ವಯರನ್ನೇ ಎಳೆಸಿ. ಇದಕ್ಕೆ ಬೇಕಾದ ಸಾಮಾನೆಲ್ಲ ಊರಿನ ಅಂಗಡಿಯಲ್ಲೇ ಸಿಗುವಂಥದ್ದು, ವಯರಿಂಗ್ ಗೊತ್ತಿದ್ದ ಯಾವ ಮಿಸ್ತ್ರಿಯೂ ಅರ್ಧ ದಿನದಲ್ಲಿ ಮಾಡಿಕೊಡುವಂಥದ್ದು. ಮುಂದೆ ಎಲ್‌ಇಡಿ ಹಾಕಿದರೂ ಈ ವಯರು ವ್ಯರ್ಥ ಹೋಗುವುದಿಲ್ಲ.

ರಿಫ್ಲೆಕ್ಟರನ್ನೂ ನೋಡಿ. ಒಳಗಿನ ಬೆಳ್ಳಿ ಬಣ್ಣ ಕಪ್ಪಾಗಿದ್ದರೆ ಒಳಗೆ ಸೂರ್ಯನನ್ನೇ ಇಟ್ಟರೂ ಹೊರಗೆ ಬೆಳಕು ಬಾರದು. ಜೀಪಿನ 7 ಇಂಚಿನ ದುಂಡು ದೀಪ ಬುಲೆಟ್ ಬೈಕಿನ ಅಳತೆಯದೇ. ಹುಡುಕಲು ಕಷ್ಟವಿಲ್ಲ.

ಬಲ್ಬಿನೊಳಗಿನ ಸಣ್ಣ ಬಟ್ಟಲು

ಹ್ಯಾಲೋಜನ್ ದೀಪಕ್ಕೆ ಎಲ್‌ಇಡಿ ಬಲ್ಬು ತುರುಕಿದರೆ ಕಣ್ಣು ಕುಕ್ಕುವುದು ಎಂತಕ್ಕೆ? ಒಂದು ಹಳೇ ಎಚ್4 ಬಲ್ಬನ್ನು ಕೈಯಲ್ಲಿ ಹಿಡಿದು ನೋಡಿ. ಒಳಗೆ ಎರಡು ತಂತಿ ಇವೆ. ಡಿಮ್ಮಿನ ತಂತಿಯ ಕೆಳಗೆ ಉಗುರಿನಷ್ಟು ಸಣ್ಣ ಲೋಹದ ಬಟ್ಟಲು ಇದೆ. ಡಿಮ್ಮು ಹಾಕಿದಾಗ ರಿಫ್ಲೆಕ್ಟರಿನ ಕೆಳಭಾಗಕ್ಕೆ ಬೆಳಕು ಬೀಳದ ಹಾಗೆ ತಡೆಯುವುದು ಈ ಬಟ್ಟಲು. ಕೆಳಭಾಗಕ್ಕೆ ಬಿದ್ದ ಬೆಳಕು ಮೇಲಕ್ಕೆ ಚಿಮ್ಮುತ್ತದೆ, ಎದುರಿನವನ ಕಣ್ಣಿಗೆ. ತಂತಿ ಒಂದೆರಡು ಮಿಲಿಮೀಟರು ಆಚೀಚೆ ಆದರೂ ಬೆಳಕು ದಾರಿ ತಪ್ಪುತ್ತದೆ. ರಿಫ್ಲೆಕ್ಟರು ತಯಾರಾದದ್ದೇ ಆ ತಂತಿ ಇರುವ ಜಾಗದ ಲೆಕ್ಕದ ಮೇಲೆ.

ಎಲ್‌ಇಡಿ ಬಲ್ಬಿನಲ್ಲಿ ತಂತಿ ಇಲ್ಲ. ಪಟ್ಟಿಯ ಎರಡೂ ಬದಿಗೆ ಬೆಳಕಿನ ಚೂರು ಅಂಟಿಸಿರುತ್ತಾರೆ. ಅಗ್ಗದ ಮಾಲಿನಲ್ಲಿ ಆ ಚೂರು ಸರಿ ಜಾಗದಲ್ಲಿ ಇರುವುದಿಲ್ಲ. ಬೆಳಕು ಬಹಳ ಬರುತ್ತದೆ, ಆದರೆ ರಸ್ತೆಗೆ ಬೀಳುವುದು ಸ್ವಲ್ಪ. ಉಳಿದದ್ದು ಮರದ ತುದಿಗೆ, ಎದುರಿನವನ ಮುಖಕ್ಕೆ. ಡಿಮ್ಮು ಮಾಡಿದರೂ ಬ್ರೈಟೇ.

ಪೊಟ್ಟಣದ ಮೇಲೆ 20,000 ಲುಮೆನ್ ಅಂತ ಬರೆದಿರುತ್ತಾರೆ. ಒಳ್ಳೇ ಎಚ್4 ಬಲ್ಬು ಕೊಡುವುದು ಬ್ರೈಟಿನಲ್ಲಿ ಸುಮಾರು 1650, ಡಿಮ್ಮಿನಲ್ಲಿ ಸುಮಾರು 1000 ಲುಮೆನ್ ಅಷ್ಟೆ. 25 ವ್ಯಾಟಿನ ಎಲ್‌ಇಡಿ 20 ಸಾವಿರ ಕೊಡುತ್ತದೆ ಅನ್ನುವುದು ಊರ ಎಮ್ಮೆ ಒಂದೇ ಹೊತ್ತಿಗೆ ಎಂಬತ್ತು ಲೀಟರು ಕೊಟ್ಟಿತು ಅಂದ ಹಾಗೆ.

ಇನ್ನೊಂದು ತೊಂದರೆ ನಮ್ಮ ಮಳೆಯದು. ಈ ಬಲ್ಬುಗಳ ಹಿಂದೆ ಸಣ್ಣ ಫ್ಯಾನು ಇರುತ್ತದೆ. ಅದರಿಂದಾಗಿ ಹಿಂದಿನ ರಬ್ಬರು ಟೊಪ್ಪಿ ಸರಿಯಾಗಿ ಕೂರುವುದಿಲ್ಲ. ನೀರು, ಕೆಸರು ಒಳಗೆ ಹೋಗುತ್ತದೆ. ಫ್ಯಾನು ನಿಂತರೆ ಬಲ್ಬು ಹೋಯಿತು. ನೀರು ನಿಂತರೆ ರಿಫ್ಲೆಕ್ಟರೂ ಹೋಯಿತು.

ಘಟ್ಟದಲ್ಲಿ ಎದುರಿನವನ ಕಣ್ಣು

ಗಂಟೆಗೆ 40 ಕಿಲೋಮೀಟರಿನಲ್ಲಿ ಹೋಗುವ ಗಾಡಿ ಒಂದು ಸೆಕೆಂಡಿಗೆ 11 ಮೀಟರು ದಾಟುತ್ತದೆ. ಮೂರು ಸೆಕೆಂಡು ಕಣ್ಣಿಗೆ ಕತ್ತಲೆ ಬಂದರೆ ನೂರು ಅಡಿ ಕುರುಡನಾಗಿ ಹೋದ ಹಾಗೆ. ದೇವಿಮನೆ ಘಟ್ಟದಲ್ಲಿ, ಅರಬೈಲ್ ಘಟ್ಟದಲ್ಲಿ ನೂರು ಅಡಿಯಲ್ಲಿ ರಸ್ತೆ ಎತ್ತ ತಿರುಗುತ್ತದೆ ಅಂತ ಎಲ್ಲರಿಗೂ ಗೊತ್ತು. ವಯಸ್ಸಾದಂತೆ ಕುಕ್ಕಿದ ಕಣ್ಣು ಮತ್ತೆ ಸರಿಯಾಗಲು ಹೆಚ್ಚು ಹೊತ್ತು ಬೇಕು, ಪೊರೆ ಬಂದವರಿಗಂತೂ ಇನ್ನೂ ಹೆಚ್ಚು. ಈಗ ನಮ್ಮ ಹಳ್ಳಿಯಲ್ಲಿ ಉಳಿದವರು ಹೆಚ್ಚಿನವರು ಅಂಥ ಕಣ್ಣಿನವರೇ.

2025ರ ಜನವರಿ 22ರ ಬೆಳಗಿನ ಜಾವ ಸವಣೂರಿನಿಂದ ಕುಮಟಾ ಸಂತೆಗೆ ತರಕಾರಿ, ಹಣ್ಣು ಹೊತ್ತು ಹೊರಟ ಲಾರಿ ಯಲ್ಲಾಪುರ ತಾಲೂಕಿನ ಅರಬೈಲ್ ಘಟ್ಟದ ಕಡೆ ಕಣಿವೆಗೆ ಬಿತ್ತು. ಹತ್ತು ಜನ ಸತ್ತರು. ಎದುರಿನ ಗಾಡಿಗೆ ದಾರಿ ಬಿಡಲು ಬದಿಗೆ ತೆಗೆದಾಗ ಹೀಗಾಯಿತು ಅಂತ ಪೊಲೀಸರು ಹೇಳಿದ್ದು ಪೇಪರಿನಲ್ಲಿ ಬಂತು. ಅದಕ್ಕೆ ದೀಪ ಕಾರಣ ಅಂತ ನಾನು ಹೇಳುತ್ತಿಲ್ಲ. ನಮ್ಮ ರಸ್ತೆಗಳಲ್ಲಿ ದಾರಿ ಬಿಡುವ ಆ ಒಂದು ಗಳಿಗೆಯಲ್ಲಿ ಬದಿ ಎಷ್ಟಿದೆ ಅಂತ ಕಾಣಬೇಕು, ಕಾಣದಿದ್ದರೆ ಜೀವಕ್ಕೇ ಸಂಚಕಾರ ಅಂತ ಮಾತ್ರ ಹೇಳುತ್ತೇನೆ.

ಗಾಡಿಯವರ ಮಾತಾಯಿತು. ನಡೆದು ಹೋಗುವವರು, ಟಿ.ವಿ.ಎಸ್. ಮೇಲೆ ಹಾಲಿನ ಕ್ಯಾನು ಇಟ್ಟುಕೊಂಡು ಬೆಳಿಗ್ಗೆ ಡೇರಿಗೆ ಹೋಗುವವರು, ಗದ್ದೆಗೆ ಹಂದಿ ಕಾಯಲು ಹೊರಟವರು ಇವರ ಗತಿ? ಅವರ ಕಣ್ಣೂ ಜೀಪಿನ ದೀಪದ ಎತ್ತರಕ್ಕೆ ಹತ್ತಿರವೇ. ದೊಡ್ಡ ಟಯರು ಹಾಕಿ ಜೀಪು ಎತ್ತರಿಸಿದವರ ದೀಪ ಇನ್ನೂ ಮೇಲೆ.

ಪುಷ್ಯ, ಆಶ್ಲೇಷ ಮಳೆಯ ಮಂಜಿನಲ್ಲಿ ಬೆಳಕು ಹೆಚ್ಚಾದರೆ ಒಳ್ಳೇದು ಅನ್ನುವುದೂ ತಪ್ಪು. ಮೇಲಕ್ಕೆ ಹೋದ ಬೆಳಕು ಮಂಜಿಗೆ ಬಡಿದು ನಮ್ಮ ಕಣ್ಣಿಗೇ ವಾಪಸು ಬರುತ್ತದೆ, ಎದುರು ಬಿಳೀ ಗೋಡೆ ನಿಲ್ಲುತ್ತದೆ. ಮಂಜಿಗೆ ಬೇಕಾದದ್ದು ಕೆಳಗೆ ಕೂಡಿಸಿದ, ನೆಲಕ್ಕೆ ಚಪ್ಪಟೆಯಾಗಿ ಬೀಳುವ ದೀಪ.

ಹಾಗಾದರೆ ಎಲ್‌ಇಡಿ ಬೇಡವೇ?

ಬೇಕು ಅಂದವರು ಹಾಕಿಕೊಳ್ಳಲಿ. ಅದರಲ್ಲಿ ಗುಣವೂ ಇದೆ. ಎರಡೂ ಸೇರಿ ನಾಲ್ಕೈದು ಆಂಪಿಯರಿನಲ್ಲಿ ಕೆಲಸ ಮುಗಿಯುತ್ತದೆ. ಡೈನಮೋ ಇರುವ ಹಳೇ ಜೀಪಿಗೆ ಅದು ದೊಡ್ಡ ಉಪಕಾರ. ವೋಲ್ಟೇಜು ಸ್ವಲ್ಪ ಏರಿಳಿದರೂ ಒಳ್ಳೇ ಎಲ್‌ಇಡಿ ಒಂದೇ ಸಮ ಉರಿಯುತ್ತದೆ.

ಆದರೆ ಬಲ್ಬು ಮಾತ್ರ ಬದಲಿಸಬೇಡಿ. ಗಾಜು, ರಿಫ್ಲೆಕ್ಟರು ಎಲ್ಲ ಸೇರಿ ಎಲ್‌ಇಡಿಗಾಗಿಯೇ ತಯಾರಾದ 7 ಇಂಚಿನ ಪೂರ್ತಿ ದೀಪವನ್ನೇ ಹಾಕಿ. ಹೆಸರಿರುವ ಕಂಪೆನಿಯದನ್ನು ಬಿಲ್ಲಿನ ಸಮೇತ ತೆಗೆದುಕೊಳ್ಳಿ. ನೀಲಿ ಮಿಶ್ರಿತ ಬಿಳಿ ಬೇಡ, ಅದು ಕಣ್ಣಿಗೆ ಹೆಚ್ಚು ಚುಚ್ಚುತ್ತದೆ. ಇನ್ನೊಂದು ಮುಖ್ಯ ವಿಷಯ: ಅಮೆರಿಕದ ಜೀಪಿಗೆ ತಯಾರಾದ ದೀಪವೂ ಇದೇ ಅಳತೆಯದು, ಇಲ್ಲೂ ಮಾರುತ್ತಾರೆ. ಅವರು ರಸ್ತೆಯ ಬಲಕ್ಕೆ ಓಡಿಸುವವರು. ಆ ದೀಪದ ಬೆಳಕು ಬಲಕ್ಕೆ ಮೇಲೇರುತ್ತದೆ. ನಮಗೆ ಬಲಕ್ಕೆ ಇರುವುದು ಎದುರಿನ ಗಾಡಿ. ನಮ್ಮ ದೇಶದ ದೀಪದಲ್ಲಿ ಬೆಳಕು ಎಡಕ್ಕೆ ಮೇಲೇರಬೇಕು.

ಗೋಡೆಗೆ ಬಿಟ್ಟು ನೋಡಿ

ಸಮತಟ್ಟಾದ ಅಂಗಳದಲ್ಲಿ ಗೋಡೆಯಿಂದ 25 ಅಡಿ ದೂರಕ್ಕೆ ಜೀಪು ನಿಲ್ಲಿಸಿ. ದೀಪದ ನಡು ಎಷ್ಟು ಎತ್ತರವಿದೆಯೋ ಅಷ್ಟು ಎತ್ತರಕ್ಕೆ ಗೋಡೆ ಮೇಲೆ ಸುಣ್ಣದ ಗೆರೆ ಎಳೆಯಿರಿ. ಡಿಮ್ಮು ಹಾಕಿ. ಬೆಳಕಿನ ಮೇಲಂಚು ಆ ಗೆರೆಗಿಂತ ಮೂರು ಇಂಚು ಕೆಳಗೆ ಇರಬೇಕು. ಎಡಬದಿ ಸ್ವಲ್ಪ ಮೇಲೇರಿದರೆ ಸರಿ. ಮೇಲಂಚೇ ಕಾಣದೆ ಗೋಡೆಯೆಲ್ಲ ಬೆಳ್ಳಗಾದರೆ ಆ ದೀಪ ರಸ್ತೆಗೆ ಲಾಯಕ್ಕಲ್ಲ. ಈ ಕೆಲಸವನ್ನು ಖಾಲಿ ಜೀಪಿನಲ್ಲಿ ಮಾಡಬೇಡಿ. ಹಿಂದೆ ಚೀಲ ಹೇರಿದರೆ ಜೀಪಿನ ಮೂಗು ಮೇಲೇಳುತ್ತದೆ, ದೀಪವೂ ಏಳುತ್ತದೆ. ದಿನಾ ಹೇರುವಷ್ಟು ಹೇರಿಯೇ ಫೋಕಸ್ ಮಾಡಿ.

ಕಾನೂನಿನಲ್ಲೂ ಇದಕ್ಕೆ ಅಳತೆ ಇದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 106ನೇ ನಿಯಮದ ಪ್ರಕಾರ ದೀಪದಿಂದ 8 ಮೀಟರು ಮುಂದೆ, ಅರ್ಧ ಮೀಟರು ಬಲಕ್ಕೆ, ನೆಲದಿಂದ ಒಂದೂವರೆ ಮೀಟರು ಎತ್ತರದಲ್ಲಿ ಇರುವ ಕಣ್ಣಿಗೆ ಬೆಳಕು ಕುಕ್ಕಬಾರದು. ಮಗನನ್ನು ಜೀಪಿನಲ್ಲಿ ಕೂರಿಸಿ, ಅಲ್ಲಿ ಹೋಗಿ ನೀವೇ ಸ್ವಲ್ಪ ಬಗ್ಗಿ ನಿಂತು ನೋಡಿ. ಇದಕ್ಕಿಂತ ಒಳ್ಳೇ ಪರೀಕ್ಷೆ ಇಲ್ಲ. 111ನೇ ನಿಯಮ ಮುಂದೆ ಸ್ಪಾಟ್ ಲೈಟು, ಸರ್ಚ್ ಲೈಟು ಹಾಕುವುದನ್ನೇ ನಿಷೇಧಿಸಿದೆ. ತಲೆ ಮೇಲೆ ಉದ್ದನೆ ಲೈಟಿನ ಪಟ್ಟಿ ಕಟ್ಟಿಕೊಂಡು ಪೇಟೆ ತಿರುಗುವವರು ಇದನ್ನು ಓದಲಿ. 2024ರ ಜುಲೈಯಲ್ಲಿ ಕರ್ನಾಟಕ ಪೊಲೀಸರು ಕಣ್ಣು ಕುಕ್ಕುವ ಎಲ್‌ಇಡಿ ದೀಪದವರ ಮೇಲೆ ರಾಜ್ಯದ ತುಂಬ ಕೇಸು ಹಾಕಿದರು. ಮೋಟಾರು ವಾಹನ ಕಾಯ್ದೆಯ 177ನೇ ಕಲಮಿನಲ್ಲಿ ಮೊದಲ ಸಲಕ್ಕೆ 500 ರೂಪಾಯಿವರೆಗೆ, ಮತ್ತೆ ಸಿಕ್ಕಿಬಿದ್ದರೆ 1500ರವರೆಗೆ ದಂಡ. ದಂಡಕ್ಕೆ ಹೆದರಿ ಸರಿ ಮಾಡುವುದಕ್ಕಿಂತ ನೆರೆಮನೆಯವನ ಕಣ್ಣು ನೆನೆದು ಮಾಡುವುದು ಲೇಸು.

ಕೊನೆಗೆ ಒಂದು ಮಾತು. ಮುಂದಿನ ಬೆಳಕಿಗೆ ಸಾವಿರಾರು ರೂಪಾಯಿ ಸುರಿಯುವ ನಾವು ಹಿಂದಿನ ಕೆಂಪು ದೀಪ ಸತ್ತು ಎಷ್ಟು ದಿನವಾಯಿತು ಅಂತ ನೋಡುವುದಿಲ್ಲ. ಹುಲ್ಲು, ಗೋವಿನಜೋಳ ಹೇರಿದ ಟ್ರ್ಯಾಕ್ಟರು ಟ್ರೇಲರು ಕತ್ತಲೆಯಲ್ಲಿ ರಸ್ತೆ ಬದಿಗೆ ನಿಂತರೆ ಯಾರಿಗೂ ಕಾಣುವುದಿಲ್ಲ. ಹಿಂದೆ ನಾಲ್ಕು ಕೆಂಪು ರಿಫ್ಲೆಕ್ಟರ್ ಪಟ್ಟಿ ಅಂಟಿಸಲು ಎಷ್ಟು ಖರ್ಚು? ನಾವು ಕಾಣುವುದು ಎಷ್ಟು ಮುಖ್ಯವೋ ಬೇರೆಯವರಿಗೆ ನಾವು ಕಾಣಿಸುವುದೂ ಅಷ್ಟೇ ಮುಖ್ಯ.

ಆದ್ದರಿಂದ ಕ್ರಮ ಹೀಗಿರಲಿ: ಮೊದಲು ವಯರು ಮತ್ತು ಅರ್ತು, ಆಮೇಲೆ ರಿಫ್ಲೆಕ್ಟರು, ಆಮೇಲೆ ಫೋಕಸ್ಸು. ಇಷ್ಟಾದ ಮೇಲೂ ಬೆಳಕು ಸಾಲದಿದ್ದರೆ ಎಲ್‌ಇಡಿ, ಅದೂ ಪೂರ್ತಿ ದೀಪ. ಹೆಚ್ಚಿನವರಿಗೆ ಮೂರನೇ ಮೆಟ್ಟಿಲಿನಲ್ಲೇ ಸಾಕು ಅನಿಸುತ್ತದೆ ಅಂತ ನನ್ನ ನಂಬಿಕೆ. ರಿಲೇ ಹಾಕಿಸಿದವರು, ಪೂರ್ತಿ ದೀಪ ಬದಲಿಸಿ ಎರಡು ಮಳೆಗಾಲ ಕಳೆದವರು ಖರ್ಚು ವೆಚ್ಚದ ಸಮೇತ ಪತ್ರಿಕೆಗೆ ಬರೆಯಲಿ. ಅಂಗಡಿಯವರ ಮಾತಿಗಿಂತ ಅದು ನಮಗೆ ಹೆಚ್ಚು ಉಪಯೋಗಕ್ಕೆ ಬರುತ್ತದೆ.