ಅಜ್ಜಿಗೊಂದು ಸಾಲು

ನಾನು ಹುಡುಗನಾಗಿದ್ದಾಗ ಮಾಟುಂಗದ ನಮ್ಮ ಮನೆಗೆ ಊರಿನ ಸುದ್ದಿ ತರುವವನು ಅಂಚೆಯವನೇ. ಅವಸರವಾದರೆ ಟ್ರಂಕ್ ಕಾಲ್ ಬುಕ್ ಮಾಡಿ ಕಾದು ಕೂರಬೇಕಿತ್ತು. 1995ರಲ್ಲಿ ದೇಶಕ್ಕೆ ಮೊಬೈಲು ಬಂದಿತು. ಮೊದಮೊದಲು ಬಂದ ಕರೆಗೂ ದುಡ್ಡು ತೆರಬೇಕಿತ್ತು; 2003ರಲ್ಲಿ ಆ ಕಾಟ ತಪ್ಪಿತು.

ಈಗ ನನ್ನ ಮಗ ದಿನವೂ ಅಜ್ಜಿಯ ಮುಖ ನೋಡುತ್ತ ಕನ್ನಡದಲ್ಲೇ ಹರಟುತ್ತಾನೆ. ಸಂತೋಷವೇ! ಆದರೆ ಮೊನ್ನೆ ಅಜ್ಜಿ ಕನ್ನಡದಲ್ಲಿ ಬರೆದು ಕಳಿಸಿದ ನಾಲ್ಕು ಸಾಲನ್ನು, “ಅಪ್ಪಾ, ಓದಿ ಹೇಳು” ಎಂದು ನನ್ನ ಕೈಗಿತ್ತ. ನನಗೆ ಅಜ್ಜಿಯ ಇನ್‌ಲ್ಯಾಂಡ್ ಕಾಗದವೇ ಕನ್ನಡ ಶಾಲೆಯಾಗಿತ್ತು!

ಮೊಬೈಲಿನಲ್ಲೂ ಕನ್ನಡ ಅಕ್ಷರ ಉಂಟಷ್ಟೆ. ಅಜ್ಜಿಗೆ ವಾರಕ್ಕೊಂದು ಸಾಲು ಬರೆಯಬೇಕೆಂದು ಕಟ್ಟಳೆ ಮಾಡಿದೆ. ಮೊದಲ ಸಾಲಿನಲ್ಲಿ ಮೂರು ತಪ್ಪು. ಅಜ್ಜಿ ಅದನ್ನೇ ಊರಿಗೆಲ್ಲ ತೋರಿಸಿದರಂತೆ!

ನಿಮ್ಮ ಮನೆಯಲ್ಲಿ ಹೇಗೆ?