ವಿಮಾನ ನಿಲ್ದಾಣದ ವಿಶ್ರಾಂತಿ ಗೃಹ: ಪ್ರವೇಶ ಯಾರಿಗೆ?



ಕೃಷ್ಣೆಯ ದಂಡೆಯಲ್ಲಿರುವ ನಮ್ಮ ತುಬಚಿಯಿಂದ ಕಾಶಿಗೆ ಹೋಗುವುದೆಂದರೆ ಹಿಂದೆ ಮೂರು ದಿನಗಳ ಮಾತಾಗಿತ್ತು. ಬಸ್ಸಿನಲ್ಲಿ ಕುಡಚಿ, ಅಲ್ಲಿಂದ ರೈಲು, ಮುಂದೆ ಮಿರಜಿನಲ್ಲಿ ಇಳಿದು ಹತ್ತುವ ಪಾಡು. ಈಗ ಬೆಳಗಾವಿಯ ಸಾಂಬ್ರಾದಲ್ಲಿ ವಿಮಾನವೇರಿ ಬೆಂಗಳೂರಿಗೆ ಹೋಗಿ, ಅಲ್ಲಿ ಇನ್ನೊಂದು ವಿಮಾನ ಹಿಡಿದರೆ ರಾತ್ರಿಯೊಳಗೆ ವಾರಾಣಸಿಯನ್ನು ಸೇರಬಹುದು. ಕಳೆದ ಕಾರ್ತಿಕದಲ್ಲಿ ನಾವು ನಮ್ಮ ಹಿರಿಯ ಅಕ್ಕನವರನ್ನು ಕರೆದುಕೊಂಡು ಹೀಗೆಯೇ ಹೊರಟೆವು. ಅಕ್ಕನವರಿಗೆ ಈಗ 74 ವರ್ಷ. ಸಕ್ಕರೆ ಕಾಯಿಲೆಯುಂಟು, ಗುಳಿಗೆ ತೆಗೆದುಕೊಂಡ ಮೇಲೆ ಹೊತ್ತಿಗೆ ಸರಿಯಾಗಿ ಊಟವಾಗಲೇಬೇಕು.

ಬೆಂಗಳೂರಿನಲ್ಲಿ ಮುಂದಿನ ವಿಮಾನಕ್ಕೆ ಮೂರು ತಾಸಿನ ಬಿಡುವಿತ್ತು. ಅದು ತಡವಾಗಿ ಆರು ತಾಸಾಯಿತು. ಕಟ್ಟಿಕೊಂಡು ಬಂದ ಸಜ್ಜೆರೊಟ್ಟಿ, ಶೇಂಗಾ ಹಿಂಡಿಯ ಬುತ್ತಿ ಮಧ್ಯಾಹ್ನಕ್ಕೇ ಮುಗಿದಿತ್ತು. ಅಂಗಡಿಗಳ ದರಪಟ್ಟಿಯನ್ನು ಓದಿದ ಅಕ್ಕನವರು ‘ನನಗೇನೂ ಹಸಿವಿಲ್ಲೋ ತಮ್ಮಾ’ ಎಂದುಬಿಟ್ಟರು. ಆ ಮಾತು ಸುಳ್ಳೆಂಬುದು ಅವರ ಕೈನಡುಕದಿಂದಲೇ ನಮಗೆ ತಿಳಿಯಿತು.

ಎದುರಿಗೆ ‘080’ ಎಂದು ಬರೆದ ವಿಶ್ರಾಂತಿ ಗೃಹವಿತ್ತು. ಬೆಂಗಳೂರಿನ ದೂರವಾಣಿ ಸಂಕೇತವನ್ನೇ ಹೆಸರಾಗಿಸಿಕೊಂಡ ಲೌಂಜ್ ಅದು. ‘ಅದು ದೊಡ್ಡವರ ಮನಿ, ನಮಗ್ಯಾಕ?’ ಎಂದರು ಅಕ್ಕನವರು. ನಿಜ ಹೇಳಬೇಕೆಂದರೆ ನಮ್ಮ ಭಾವನೆಯೂ ಅದೇ ಆಗಿತ್ತು. ವಿದ್ಯಾರ್ಥಿ ದೆಸೆಯಲ್ಲಿ ಮೇಲ್ದರ್ಜೆಯವರ ನಿರೀಕ್ಷಣಾ ಕೊಠಡಿಯ ಮುಂದೆ ಹಾಯುವಾಗ ಹೆಜ್ಜೆ ತಾನಾಗಿಯೇ ದೂರ ಸರಿಯುತ್ತಿತ್ತು. ಆ ಸಂಕೋಚ ನಾಲ್ವತ್ತು ವರ್ಷ ಅಧ್ಯಾಪನ ಮಾಡಿದ ಮೇಲೂ ಹೋಗಿಲ್ಲ.

ಪಕ್ಕದಲ್ಲಿ ಕುಳಿತಿದ್ದ ಮುಧೋಳ ಕಡೆಯ ತರುಣನೊಬ್ಬ ನಮ್ಮ ಮಾತು ಕೇಳಿ, ‘ಅಜ್ಜಾರ, ನಿಮ್ಮ ಬ್ಯಾಂಕಿನ ಕಾರ್ಡ್ ಒಮ್ಮೆ ತೋರಸ್ರಿ’ ಎಂದನು. ನಿವೃತ್ತಿ ವೇತನ ಜಮೆಯಾಗುವ ಖಾತೆಯ ಡೆಬಿಟ್ ಕಾರ್ಡು ಅದು; ರೂಪೇ ಪ್ಲಾಟಿನಂ ಎಂದು ಮುದ್ರಿತವಾಗಿತ್ತು. ‘ಇದು ನಡೀತೈತ್ರಿ’ ಎಂದನು. ಹಣ ತೆಗೆಯುವುದಕ್ಕೆ ಹೊರತು ಬೇರಾವುದಕ್ಕೂ ನಾವು ಅದನ್ನು ಬಳಸಿದವರಲ್ಲ.

ಈ ಗೃಹಗಳು ಹುಟ್ಟಿದ್ದು ಮಾತ್ರ ದೊಡ್ಡವರಿಗಾಗಿಯೇ. 1939ರಲ್ಲಿ ಅಮೇರಿಕನ್ ಏರ್‌ಲೈನ್ಸ್ ಸಂಸ್ಥೆಯು ನ್ಯೂಯಾರ್ಕಿನ ಲಾಗಾರ್ಡಿಯಾ ನಿಲ್ದಾಣದಲ್ಲಿ ಮೊದಲನೆಯದನ್ನು ತೆರೆದಾಗ, ಆಮಂತ್ರಿತರಾದ ಗಣ್ಯರಿಗೆ ಮಾತ್ರ ಅಲ್ಲಿ ಪ್ರವೇಶವಿತ್ತು. ಇಂದಿಗೂ ಮೇಲ್ದರ್ಜೆಯ ಟಿಕೇಟಿನವರಿಗೂ, ಒಂದೇ ಕಂಪನಿಯ ವಿಮಾನದಲ್ಲಿ ಪದೇ ಪದೇ ಸಂಚರಿಸಿ ವಿಶೇಷ ಸದಸ್ಯತ್ವ ಗಳಿಸಿದವರಿಗೂ ಬಾಗಿಲು ತಾನಾಗಿ ತೆರೆಯುತ್ತದೆ. ಉಳಿದವರಿಗೆ ಇರುವ ದಾರಿಗಳು ಎರಡು: ಬ್ಯಾಂಕಿನ ಕಾರ್ಡು, ಇಲ್ಲವೆ ಬಾಗಿಲಲ್ಲಿ ಹಣ. 1992ರಲ್ಲಿ ಆರಂಭವಾದ ಪ್ರಯಾರಿಟಿ ಪಾಸ್‌ನಂತಹ ಸದಸ್ಯತ್ವಗಳೂ ಉಂಟು. ಮಕ್ಕಳನ್ನು ನೋಡಲು ಪರದೇಶಕ್ಕೆ ಹೋಗಿಬರುವವರಿಗೆ ಅವು ಉಪಯುಕ್ತ.

ಬಾಗಿಲಲ್ಲಿದ್ದ ಹೆಣ್ಣುಮಗಳು ವಿನಯದಿಂದಲೇ ವಿವರಿಸಿದಳು. ಬೋರ್ಡಿಂಗ್ ಪಾಸಿನಲ್ಲಿಯೂ ಕಾರ್ಡಿನಲ್ಲಿಯೂ ಒಂದೇ ಹೆಸರಿರಬೇಕು. ಕಾರ್ಡನ್ನು ಯಂತ್ರಕ್ಕೆ ಹಾಕಿದಾಗ 2 ರೂಪಾಯಿ ಕಡಿತವಾಗುತ್ತದೆ. ಒಂದು ಕಾರ್ಡಿಗೆ ಒಬ್ಬರೇ. ಅಕ್ಕನವರ ಉಳಿತಾಯ ಅಂಚೆ ಕಚೇರಿಯಲ್ಲಿದೆ. ಅವರಿಗೆ ಕಾರ್ಡೇ ಇಲ್ಲ. ‘ನಮ್ಮ ಬದಲು ಇವರನ್ನು ಬಿಡಿರಿ’ ಎಂದೆವು. ಹೆಸರು ಬೇರೆಯಾದ್ದರಿಂದ ಅದು ಸಾಧ್ಯವಾಗಲಿಲ್ಲ. ಕೊನೆಗೆ ಸಾವಿರ ರೂಪಾಯಿಗಿಂತ ಹೆಚ್ಚು ತೆತ್ತು ಅಕ್ಕನವರನ್ನು ಒಳಗೆ ಕರೆದೊಯ್ದೆವು. ಆ ಮೊತ್ತವನ್ನು ಅವರಿಗೆ ಇಂದಿಗೂ ಹೇಳಿಲ್ಲ.

ಒಳಗೆ ಇಡ್ಲಿ, ಅನ್ನ, ಸಾರು, ಮಜ್ಜಿಗೆ ಇದ್ದವು. ಸಸ್ಯಾಹಾರ, ಮಾಂಸಾಹಾರಗಳು ಒಂದೇ ಕೋಣೆಯಲ್ಲಿರುತ್ತವೆ, ಫಲಕ ಮಾತ್ರ ಬೇರೆ. ನಮ್ಮ ಮನೆತನದವರು ಫಲಕ ಓದಿಯೇ ಬಡಿಸಿಕೊಳ್ಳಬೇಕು. ಅಕ್ಕನವರು ಬಹಳ ಹೊತ್ತು ತಟ್ಟೆ ಹಿಡಿದು ನಿಂತೇ ಇದ್ದರು. ‘ಇಷ್ಟೆಲ್ಲಾ ಇಟ್ಟಾರ, ಬಡಸಾವ್ರು ಯಾರೂ ಇಲ್ಲಲ್ಲೋ’ ಎಂದರು. ದಾಸೋಹದ ಪಂಕ್ತಿಯಲ್ಲಿ ಕುಳಿತು ಉಂಡು ಬೆಳೆದವರಿಗೆ ತಾನೇ ಬಡಿಸಿಕೊಳ್ಳುವುದು ನಾಚಿಕೆಯ ಕೆಲಸ. ನಾವೇ ಬಡಿಸಿದೆವು. ಉಂಡು, ಗುಳಿಗೆ ನುಂಗಿ, ಆರಾಮ ಕುರ್ಚಿಯಲ್ಲಿ ಒಂದು ತಾಸು ನಿದ್ದೆ ಹೋದರು.

ಈಗ ಎಚ್ಚರಿಕೆಯ ಕೆಲವು ಮಾತು. ಎಲ್ಲ ಕಾರ್ಡುಗಳಿಗೂ ಈ ಸೌಲಭ್ಯವಿಲ್ಲ. ಜನಧನ ಖಾತೆಗೆ ಕೊಡುವಂತಹ ಸಾಮಾನ್ಯ ಶ್ರೇಣಿಯ ಕಾರ್ಡಿಗೆ ಇರುವುದಿಲ್ಲ. ಇದ್ದರೂ ಇಷ್ಟು ತಿಂಗಳಿಗೆ ಇಷ್ಟು ಸಲವೆಂಬ ಮಿತಿಯಿರುತ್ತದೆ. ಹಿಂದಿನ ಮೂರು ತಿಂಗಳಲ್ಲಿ ಕಾರ್ಡಿನಿಂದ ಇಂತಿಷ್ಟು ಖರ್ಚಾಗಿರಬೇಕೆಂಬ ಷರತ್ತನ್ನು ಹಲವು ಬ್ಯಾಂಕುಗಳು ಇತ್ತೀಚೆಗೆ ಹಾಕಿವೆ. ಬ್ಯಾಂಕುಗಳಿಗೂ ಲೌಂಜುಗಳಿಗೂ ನಡುವೆ ನಿಂತು ವ್ಯವಹರಿಸುತ್ತಿದ್ದ ಡ್ರೀಮ್‌ಫೋಕ್ಸ್ ಸಂಸ್ಥೆಯು 2025ರಲ್ಲಿ ದೇಶದೊಳಗಿನ ಈ ಸೇವೆಯನ್ನು ನಿಲ್ಲಿಸಿತು. ಆದ್ದರಿಂದ ಹೊರಡುವ ಮುನ್ನ ನಿಮ್ಮ ಶಾಖೆಯಲ್ಲಿಯೇ ವಿಚಾರಿಸಿಕೊಳ್ಳುವುದು ಉತ್ತಮ.

ಕಾರ್ಡನ್ನು ಮನೆಯಲ್ಲಿ ಬಿಟ್ಟು ಅದರ ಚಿತ್ರವನ್ನು ಮೊಬೈಲಿನಲ್ಲಿ ಒಯ್ಯುವುದಂತೂ ಬೇಡವೇ ಬೇಡ. 2024ರಲ್ಲಿ ಇದೇ ಬೆಂಗಳೂರು ನಿಲ್ದಾಣದಲ್ಲಿ ಹಾಗೆ ಮಾಡಿದ ಮಹಿಳೆಯೊಬ್ಬರು, ಲೌಂಜ್ ಪ್ರವೇಶಕ್ಕೆಂದು ನಕಲಿ ಆ್ಯಪ್ ಒಂದನ್ನು ಮೊಬೈಲಿಗೆ ಇಳಿಸಿಕೊಂಡು 87,000 ರೂಪಾಯಿಗೂ ಮಿಕ್ಕಿ ಕಳೆದುಕೊಂಡರು. ಆ ಆ್ಯಪ್ ಅವರಿಗೆ ಬರುವ ಸಂದೇಶಗಳನ್ನು ಕಳ್ಳರಿಗೆ ಸಾಗಿಸುತ್ತಿತ್ತು.

ಲೌಂಜ್ ದೊರೆಯದವರಿಗೂ ಅಲ್ಪ ಸಮಾಧಾನದ ಸುದ್ದಿಯಿದೆ. 2024ರ ಡಿಸೆಂಬರಿನಲ್ಲಿ ಕೋಲ್ಕತ್ತದ ನಿಲ್ದಾಣದಲ್ಲಿ ಆರಂಭವಾದ ಉಡಾನ್ ಯಾತ್ರಿ ಕೆಫೆಯಲ್ಲಿ ಚಹಕ್ಕೆ 10, ಸಮೋಸಕ್ಕೆ 20 ರೂಪಾಯಿ ದರವಿಟ್ಟರು. ಮರುವರ್ಷ ಚೆನ್ನೈಯಲ್ಲಿಯೂ ಆಯಿತು. ಇದು ಎಲ್ಲ ಊರುಗಳಿಗೂ ಬಂದರೆ ಈ ಲೇಖನದ ಅರ್ಧ ಭಾಗ ಅನಾವಶ್ಯಕವಾದೀತು, ನಮಗೆ ಅದಕ್ಕಾಗಿ ವ್ಯಸನವಿಲ್ಲ.

ಕಾಶಿಯಿಂದ ಮರಳಿದ ಮೇಲೆ ಅಕ್ಕನವರು ನಮ್ಮೊಡನೆ ಜಮಖಂಡಿಗೆ ಬಂದು, ಬ್ಯಾಂಕಿನ ಗುಮಾಸ್ತರ ಮುಂದೆ ಕುಳಿತು, ‘ಆ ಗಾಜಿನ ಬಾಗಲಾ ತೆಗಿಯೋ ಕಾರ್ಡ್ ನನಗೂ ಒಂದು ಕೊಡ್ರಿ’ ಎಂದು ಕೇಳಿದರು. ಗುಮಾಸ್ತರು ವಾರ್ಷಿಕ ಶುಲ್ಕ, ಖರ್ಚಿನ ಷರತ್ತು ಎಲ್ಲವನ್ನೂ ತಿಳಿಸಿದರು. ಅಕ್ಕನವರು ಬೆರಳು ಮಡಚಿ ಲೆಕ್ಕ ಹಾಕಿದರು.

‘ವರ್ಷಕ್ಕೊಮ್ಮೆ ಹೋಗಾಕಿ ನಾನು. ಹಂಗಾದ್ರ ಬ್ಯಾಡ್ರಿ. ಮುಂದಿನ ಸರತಿ ರೊಟ್ಟಿ ನಾಕು ಹೆಚ್ಚಿಗಿ ಕಟಗೋತೇನಿ’ ಎಂದು ಎದ್ದರು.