ಟೆಂಟ್ ನೆನೀತಾ? ನೆನೀಲಿ ಬಿಡಿ!

ಏಪ್ರಿಲ್ ಬಂತೆಂದರೆ ಸಾಕು, ನಮ್ಮ ಆಫೀಸಿನವರು ಟೆಂಟ್ ಹೊತ್ಕೊಂಡು ಕೋಲಾರದ ಅಂತರಗಂಗೆ ಬೆಟ್ಟಕ್ಕೆ ಹೊರಡ್ತಾರೆ. ಸೋಮವಾರ ಒಂದೇ ಗೋಳು: "ಹಾಳು ಮಳೆ, ವೀಕೆಂಡೇ ಹಾಳಾಯ್ತು!"

ಸ್ವಾಮಿ, ಅದು ಭರಣಿ ಮಳೆ. ವರ್ಷಪೂರ್ತಿ ಹರಿಯೋ ಒಂದು ನದಿಯೂ ಇಲ್ಲದ ಜಿಲ್ಲೆ ನಮ್ದು. 2018ರಿಂದ ನಮ್ಮ ಜಿಲ್ಲೆಯ ಕೆರೆಗಳಿಗೆ ಬರ್ತಿರೋದು ಬೆಂಗಳೂರಿನ ಕೊಳಚೆ ನೀರು, ಅದೂ ಎರಡನೇ ಹಂತದವರೆಗೆ ಮಾತ್ರ ಸಂಸ್ಕರಿಸಿದ್ದು. ಅಂದ್ರೆ ನೀವು ಫ್ಲಶ್ ಮಾಡಿದ್ದೇ! ಇಂಥಾ ಕಡೆ ಬಂದು ಮಳೆಗೆ ಶಾಪ ಹಾಕ್ತೀರಲ್ಲ...

ಬೈಯೋ ಹಕ್ಕು ಯಾರಿಗಾದ್ರೂ ಇದ್ರೆ ಅದು ಶ್ರೀನಿವಾಸಪುರದ ಮಾವಿನ ತೋಟದವರಿಗೆ. ಗಾಳಿ, ಆಲಿಕಲ್ಲು ಜೊತೆಗೆ ಬಂದ್ರೆ ವರ್ಷದ ಫಸಲು ಒಂದೇ ರಾತ್ರೀಲಿ ನೆಲಕ್ಕೆ. ನಿಮ್ಮ ಟೆಂಟ್ ಮಾರನೇ ದಿನ ಒಣಗುತ್ತೆ. ರಾಯಲ್ಪಾಡಲ್ಲಿ ನಮ್ಮಜ್ಜಿ ಉದುರಿದ ಕಾಯಿ ಆರಿಸ್ತಾನೇ ಕೇಳ್ತಾಳೆ (ತೆಲುಗಲ್ಲಿ, ಗಡಿ ಊರಲ್ವಾ): "ಕೆರೆಗೆ ನೀರು ಬಂತೇನೋ?"